ಚಾಡಿ ಹೇಳಿದ ಟೊಮ್ಯಾಟೊ ಗಿಡ

ಟಪ್! ಟಪ್! ಟಪ್!

ಗಂಟೆ ತಾತ ತಗಡಿನ ತಟ್ಟೆಗೆ ಸೌಟಿನಿಂದ ಹೊಡೆದರು. ಬಿಡುವು ಮುಗಿಯಿತು, ಒಳಗೆ ಬನ್ನಿ ಎಂದು ಅದರ ಅರ್ಥ. ಆದರೆ ಅವರ ಪಕ್ಕದಲ್ಲೇ ಮಲಗಿದ್ದ ಬೆಕ್ಕು ಕೂಡ ಕಿವಿ ನಿಮಿರಿಸಲಿಲ್ಲ. ಮಕ್ಕಳು ತಮ್ಮ ಪಾಡಿಗೆ ತಾವು ಆಡುತ್ತಲೇ ಇದ್ದರು.

ಹೆಡ್ ಮೇಡಂ ಜಗಲಿಗೆ ಬಂದರು.

"ಏನು ತಾತ, ಇಡೀ ಶಾಲೆಗೆ ಇದ್ದಿದ್ದು ಒಂದೇ ಹಿತ್ತಾಳೆ ಗಂಟೆ. ಅದನ್ನೂ ಎಲ್ಲೋ ಇಟ್ಟು ಮರೆತ್ಬಿಟ್ರಲ್ಲ!"

ಮೇಡಂ ಇದನ್ನು ದಿನಾ ಹೇಳುತ್ತಿದ್ದರು. ತಾತ ದಿನಾ ತಲೆ ತಗ್ಗಿಸುತ್ತಿದ್ದರು. ಮತ್ತು ಐದನೇ ಕ್ಲಾಸಿನ ಚಿನಕುರಳಿ ದಿನಾ ಬೇರೆ ಕಡೆ ನೋಡುತ್ತಿದ್ದಳು. ಏಕೆಂದರೆ ಗಂಟೆ ಎಲ್ಲಿತ್ತು ಎಂದು ಅವಳಿಗೆ ಗೊತ್ತಿತ್ತು. ಈಗ ಎಲ್ಲಿದೆ ಎನ್ನುವುದು ಮಾತ್ರ ಗೊತ್ತಿರಲಿಲ್ಲ.

ನಡೆದದ್ದು ಇಷ್ಟು. ಶಾಲೆ ಮೊದಲು ಬೇರೆ ಜಾಗದಲ್ಲಿತ್ತು. ಪಕ್ಕದ ಗಣಿಯನ್ನು ಅಗಲ ಮಾಡಬೇಕಾಗಿ ಬಂದು, ಶಾಲೆಗೆ ಇಲ್ಲಿ ಹೊಸ ಕಟ್ಟಡ ಕಟ್ಟಿದರು. ಹಳೇ ಶಾಲೆಯ ಕೊನೆಯ ದಿನ ಚಿನಕುರಳಿ ಮತ್ತು ಅವಳ ಗೆಳೆಯ ಗುಬ್ಬಿ ಗಂಟೆಯನ್ನು ಎತ್ತಿಕೊಂಡು ಹೋಗಿ ಶಾಲೆಯ ತೋಟದ ಮೂಲೆಯಲ್ಲಿ ಹೂತುಬಿಟ್ಟರು. ಗಂಟೆ ಇಲ್ಲದಿದ್ದರೆ ಬಿಡುವು ಮುಗಿಯುವುದೇ ಇಲ್ಲವಲ್ಲ! ಹಾಗೇ ಆಯಿತು. ಅವತ್ತಿನ ಬಿಡುವು ರಬ್ಬರಿನ ಹಾಗೆ ಎಳೆದಷ್ಟೂ ಉದ್ದವಾಯಿತು.

ಸಂಜೆ ತೆಗೆದಿಟ್ಟರಾಯಿತು ಎಂದುಕೊಂಡಿದ್ದರು. ಸಂಜೆ ಬೆಂಚು ಸಾಗಿಸುವ ಲಾರಿ ಬಂದಿತು, ಗಲಾಟೆಯಲ್ಲಿ ಮರೆತೇ ಹೋಯಿತು. ಮರುದಿನ ಹೋದರೆ ಸುತ್ತಲೂ ಬೇಲಿ. ಆಮೇಲೆ ಡೋಜರ್ ಬಂದು ತೋಟದ ಮಣ್ಣನ್ನೆಲ್ಲ ಕೆರೆದು ಹೊತ್ತುಕೊಂಡು ಹೋಯಿತು. ಆ ಡೋಜರ್ ಓಡಿಸಿದ್ದು ಯಾರು ಅಂದುಕೊಂಡಿರಿ? ಚಿನಕುರಳಿಯ ಅಮ್ಮನೇ!

"ಶನಿವಾರ ತಾತ ರಿಟೈರ್ ಆಗ್ತಾರಂತೆ ಕಣೇ," ಎಂದ ಗುಬ್ಬಿ. "ಫೋಟೋ ತೆಗೀತಾರಂತೆ. ತಾತ ಕೈಯಲ್ಲಿ ಸೌಟು ಹಿಡ್ಕೊಂಡು ನಿಲ್ತಾರಾ?"

ಚಿನಕುರಳಿಗೆ ನಗು ಬಂತು. ದಿನಾ ತಗ್ಗುವ ತಾತನ ತಲೆ ನೆನಪಾಗಿ ನಿಂತುಹೋಯಿತು.

"ಶನಿವಾರದೊಳಗೆ ಗಂಟೆ ಹುಡುಕ್ಬೇಕು ಕಣೋ," ಎಂದಳು.

ಸಂಜೆ ಅಮ್ಮ ಕೆಲಸದಿಂದ ಬಂದು ಬೂಟು ತೊಳೆಯುತ್ತಿದ್ದರು. ಚಿನಕುರಳಿ ಹೇಳಿಸಿಕೊಳ್ಳದೆಯೇ ನೀರು ತಂದುಕೊಟ್ಟಳು. ಅಮ್ಮನ ಹುಬ್ಬು ಮೇಲೇರಿತು.

"ಅಮ್ಮಾ, ನಮ್ಮ ಹಳೇ ಶಾಲೆ ಮಣ್ಣನ್ನ ಎಲ್ಲಿ ಹಾಕಿದ್ದೀಯ?"

"ಯಾಕೆ?"

"ಸುಮ್ನೆ. ಜನರಲ್ ನಾಲೆಡ್ಜ್."

ಮಣ್ಣಿನ ಮಾತು ಬಂದರೆ ಅಮ್ಮನ ಬಾಯಿಗೆ ಬ್ರೇಕ್ ಇಲ್ಲ. "ನಮ್ಮ ಕ್ವಾರ್ಟರ್ಸ್ ಹಿಂದೆ ಎರಡು ದಿಬ್ಬ ಇದೆಯಲ್ಲ, ಅಲ್ಲೇ. ಮೇಲಿನ ಒಂದು ಗೇಣು ಮಣ್ಣು ಒಂದು ದಿಬ್ಬ, ಅದರ ಕೆಳಗಿಂದು ಇನ್ನೊಂದು ದಿಬ್ಬ. ಎರಡೂ ಸೇರಬಾರದು. ಗಣಿ ಕೆಲಸ ಮುಗಿದ್ಮೇಲೆ ಗುಂಡಿ ಮುಚ್ತೀವಿ. ಆಗ ಕೆಳಗಿಂದು ಕೆಳಗೆ, ಮೇಲಿಂದು ಮೇಲೆ."

"ಮಣ್ಣು ಮಣ್ಣೇ ಅಲ್ವಾ? ಯಾವುದು ಮೇಲಿದ್ರೇನು?"

"ಹೌದಾ? ನಾಳೆ ಟೋಪಿ ಕಾಲಿಗೆ ಹಾಕ್ಕೊಂಡು, ಚಪ್ಪಲಿ ತಲೆ ಮೇಲೆ ಇಟ್ಕೊಂಡು ಸ್ಕೂಲಿಗೆ ಹೋಗು. ಯಾವುದು ಮೇಲಿದ್ರೇನು?"

ಚಿನಕುರಳಿ ಕಿಸಕ್ಕನೆ ನಕ್ಕಳು.

"ಮೇಲಿನ ಮಣ್ಣಿಗೆ ಜೀವ ಇರುತ್ತೆ ಮಗಳೇ. ಬೇರು, ಹುಳ, ಬೀಜ ಎಲ್ಲ ಅದರಲ್ಲೇ. ಅದಕ್ಕೇ ಅದರ ಮೇಲೆ ಯಾರೂ ಹತ್ತಬಾರದು. ತುಳಿದ್ರೆ ಅದಕ್ಕೆ ಉಸಿರು ಕಟ್ಟುತ್ತೆ. ನನ್ನ ಡೋಜರನ್ನೂ ನಾನು ಅದರ ಮೇಲೆ ಹತ್ತಿಸಲ್ಲ."

ಮರುದಿನ ಶಾಲೆ ಬಿಟ್ಟ ಕೂಡಲೇ ಇಬ್ಬರೂ ಕ್ವಾರ್ಟರ್ಸ್ ಹಿಂದಕ್ಕೆ ಓಡಿದರು. ಒಂದು ದಿಬ್ಬ ಗಿಡ್ಡ, ಉದ್ದ. ಅದರ ತುಂಬ ಹುಲ್ಲು, ಸುತ್ತಲೂ ಹಗ್ಗ, 'ಹತ್ತಬಾರದು' ಎಂಬ ಬೋರ್ಡು. ಇನ್ನೊಂದು ಎತ್ತರ, ಬೋಳು ತಲೆಯ ಹಾಗೆ ನುಣ್ಣಗಿತ್ತು.

"ಬೋಳು ದಿಬ್ಬ ಅಗೆಯೋಣ," ಎಂದಳು ಚಿನಕುರಳಿ. "ಹುಲ್ಲಿದ್ದ ಕಡೆ ಅಗೆದ್ರೆ ಅಮ್ಮನಿಗೆ ಗೊತ್ತಾಗ್ಬಿಡುತ್ತೆ. ಇಲ್ಲಿ ಅಗೆದ್ರೆ ಯಾರಿಗೂ ಗೊತ್ತಾಗಲ್ಲ. ಹೆಂಗೆ ನನ್ನ ಐಡಿಯಾ?"

ಅಡುಗೆಮನೆಯಿಂದ ಕದ್ದು ತಂದಿದ್ದ ಎರಡು ಚಮಚದಿಂದ ಅಗೆದೇ ಅಗೆದರು. ಗುಬ್ಬಿಯ ಚಮಚ ಬಾಗಿ ಕೊಕ್ಕೆಯಾಯಿತು.

"ಇಲ್ಲಿ ಒಂದು ಇರುವೆ ಕೂಡ ಇಲ್ಲ ಕಣೇ," ಎಂದು ಅವನು ಗೊಣಗಿದ.

ಚಿನಕುರಳಿಯ ಕೈ ನಿಂತಿತು. ಇರುವೆ ಇಲ್ಲ. ಹುಳ ಇಲ್ಲ. ಒಂದು ಎಳೆ ಬೇರೂ ಇಲ್ಲ. ಇದು ಕೆಳಗಿನ ಮಣ್ಣು! ಅವರು ಗಂಟೆ ಹೂತದ್ದು ಮೇಲೆ ಮೇಲೆ, ಅಂಗೈ ಮುಳುಗುವಷ್ಟು ಆಳಕ್ಕೆ. ಅಂದರೆ ಅದು ಆ ದಿಬ್ಬದಲ್ಲಿದೆ.

ಹಗ್ಗದ ಹೊರಗಿನಿಂದಲೇ ಹುಲ್ಲಿನ ದಿಬ್ಬವನ್ನು ನೋಡುತ್ತಾ ಹೊರಟರು. ಹುಲ್ಲು, ಹುಲ್ಲು, ಬರೀ ಹುಲ್ಲು. ಇಷ್ಟು ಉದ್ದದ ದಿಬ್ಬದಲ್ಲಿ ಎಲ್ಲಿ ಎಂದು ಹುಡುಕುವುದು?

"ಏ, ಟೊಮ್ಯಾಟೊ!" ಎಂದ ಗುಬ್ಬಿ.

ನಿಜ. ಹುಲ್ಲಿನ ನಡುವೆ ಒಂದು ಕಡೆ ಮಾತ್ರ ಏಳೆಂಟು ಟೊಮ್ಯಾಟೊ ಗಿಡ ಒತ್ತೊತ್ತಾಗಿ ಬೆಳೆದಿದ್ದವು. ಕೆಂಪು ಕೆಂಪು ಹಣ್ಣು ಬಿಟ್ಟಿದ್ದವು.

ಚಿನಕುರಳಿಯ ಮುಖ ಬಿಳಿಚಿಕೊಂಡಿತು.

ಅಮ್ಮ ಅವಳ ಊಟದ ಡಬ್ಬಿಗೆ ದಿನಾ ಟೊಮ್ಯಾಟೊ ಹೋಳು ಹಾಕುತ್ತಿದ್ದರು. ಟೊಮ್ಯಾಟೊ ಕಂಡರೆ ಅವಳಿಗಾಗದು. ಅವಳು ಅದನ್ನು ದಿನಾ ಶಾಲೆಯ ತೋಟದ ಮೂಲೆಯಲ್ಲಿ ಹೂತು, ಮನೆಗೆ ಬಂದು "ಎಲ್ಲಾ ತಿಂದೆ ಅಮ್ಮಾ" ಎನ್ನುತ್ತಿದ್ದಳು. ಗಂಟೆ ಹೂತದ್ದೂ ಅದೇ ಮೂಲೆಯಲ್ಲೇ. ದಿನಾ ಕೆದಕಿ ಕೆದಕಿ ಅಲ್ಲಿಯ ಮಣ್ಣು ಮೆತ್ತಗಿತ್ತಲ್ಲ!

"ಹಾಗಾದ್ರೆ ಇಲ್ಲೇ ಇದೆ!" ಎಂದು ಕುಣಿದಳು.

"ಏನದು ಇಲ್ಲೇ ಇರೋದು?"

ಹೆಲ್ಮೆಟ್ ಹಾಕಿಕೊಂಡು ಅಮ್ಮ ಹಿಂದೆಯೇ ನಿಂತಿದ್ದರು. ಗುಬ್ಬಿ ಕೊಕ್ಕೆ ಚಮಚವನ್ನು ಬೆನ್ನ ಹಿಂದೆ ಅಡಗಿಸಿದ.

"ನಾವು ಬಿತ್ತಿದ್ದು ಬರೀ ಹುಲ್ಲು," ಎಂದರು ಅಮ್ಮ ನಿಧಾನವಾಗಿ. "ಈ ಟೊಮ್ಯಾಟೊ ಎಲ್ಲಿಂದ ಬಂತು ಅಂತ ನಾವೆಲ್ಲ ತಲೆ ಕೆರ್ಕೊತಾ ಇದ್ದೀವಿ. ನೀನು ದಿನಾ ಡಬ್ಬಿ ಖಾಲಿ ಮಾಡ್ಕೊಂಡು ಬರ್ತಿದ್ದೆ, ಅಲ್ವಾ?"

ಇನ್ನೇನು ಉಳಿಯಿತು? ಚಿನಕುರಳಿ ಎಲ್ಲವನ್ನೂ ಹೇಳಿದಳು. ಟೊಮ್ಯಾಟೊ ಕತೆ ಕೇಳುವಾಗ ಅಮ್ಮ ತುಟಿ ಕಚ್ಚಿ ನಗು ತಡೆದರು. ಗಂಟೆಯ ಕತೆ ಕೇಳುವಾಗ ನಗಲಿಲ್ಲ.

"ಟೊಮ್ಯಾಟೊ ಲೆಕ್ಕ ನಾನು ನೋಡ್ಕೊತೀನಿ. ಗಂಟೆ ವಿಷಯ ತಾತನಿಗೆ ನೀನೇ ಹೇಳ್ಬೇಕು."

ಅಮ್ಮ ಮಣ್ಣಿಗೆ ಭಾರ ಬೀಳದಂತೆ ಉದ್ದನೆಯ ಹಲಗೆ ಹಾಸಿದರು. ಮೂವರೂ ಅದರ ಮೇಲೆ ಬೋರಲು ಮಲಗಿದರು. ಅಮ್ಮ ಒಂದೊಂದೇ ಗಿಡವನ್ನು ಬುಡದ ಮಣ್ಣಿನ ಸಮೇತ ಎತ್ತುವುದು, ಮಕ್ಕಳು ಕೈಯಿಂದ ಕೆದಕುವುದು, ಗಿಡವನ್ನು ಮತ್ತೆ ಹಾಗೇ ಕೂರಿಸುವುದು. ಮಣ್ಣು ತಣ್ಣಗೆ, ಪುಡಿಪುಡಿಯಾಗಿತ್ತು. ಒಂದು ಎರೆಹುಳ ಚಿನಕುರಳಿಯ ಬೆರಳ ಮೇಲೆ ಹರಿಯಿತು. ಕೊನೆಯ ಗಿಡದ ಕೆಳಗೆ ಅವಳ ಉಗುರಿಗೆ ಗಟ್ಟಿಯಾಗಿ ಏನೋ ತಾಗಿತು.

ಶನಿವಾರ ಬೆಳಿಗ್ಗೆ ಗುಬ್ಬಿ ಹೇಳಿದ: "ಕಾಗೆ ತಂದು ಹಾಕ್ತು ಅಂತ ಹೇಳೋಣ."

"ಅಷ್ಟು ದೊಡ್ಡ ಕಾಗೆ ಎಲ್ಲಿದೆಯೋ?"

ಜಗಲಿಯಲ್ಲಿ ತಾತನೂ ಇದ್ದರು, ಹೆಡ್ ಮೇಡಮ್ಮೂ ಇದ್ದರು. ಚಿನಕುರಳಿ ಗಂಟೆ ಚಾಚಿದಳು.

"ತಾತ ಕಳೆದಿಲ್ಲ ಮೇಡಂ. ನಾನೇ ಹೂತಿಟ್ಟಿದ್ದೆ. ಬಿಡುವು ಮುಗೀಬಾರದು ಅಂತ."

"ನಾನೂ..." ಎಂದ ಗುಬ್ಬಿ, ಅವಳ ಹಿಂದಿನಿಂದ.

ಮೇಡಂ ಬಾಯಿ ತೆರೆದರು. ತಾತನ ಮುಖ ನೋಡಿ ಒಂದು ಹೆಜ್ಜೆ ಹಿಂದೆ ಸರಿದರು.

ತಾತ ಗಂಟೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ನನಗೆ ಮರೆವಿನ ಕಾಯಿಲೆ ಬಂದಿದೆ ಅಂತ ನಮ್ಮ ಮನೆಯವಳು ಹೆದರಿದ್ಲು ಕಣಮ್ಮ," ಎಂದರು ಮೆಲ್ಲಗೆ. "ಒಬ್ಬನನ್ನೇ ಸಂತೆಗೂ ಕಳಿಸ್ತಿರ್ಲಿಲ್ಲ. ನಾನೂ ನಿಜ ಅಂದ್ಕೊಂಡ್ಬಿಟ್ಟಿದ್ದೆ."

ಬೈದಿದ್ದರೆ ಚಿನಕುರಳಿ ತಡೆದುಕೊಳ್ಳುತ್ತಿದ್ದಳು. ಈಗ ಅವಳ ಕಣ್ಣಿಂದ ನೀರು ಬಳಬಳನೆ ಇಳಿಯಿತು. "ನಿಮಗೆ ಮರೆವಿಲ್ಲ ತಾತ, ಖಂಡಿತ ಇಲ್ಲ," ಎಂದಳು. ತಾತ ಅವಳ ತಲೆಯನ್ನೇನೂ ಸವರಲಿಲ್ಲ. ಕಡ್ಡಿ ತೆಗೆದುಕೊಂಡು ಗಂಟೆಯೊಳಗೆ ಮೆತ್ತಿದ್ದ ಮಣ್ಣನ್ನು ಕೆರೆದು ನೆಲಕ್ಕೆ ಉದುರಿಸಿದರು.

ಬಿಡುವಿನಲ್ಲಿ ಚಿನಕುರಳಿ ಡಬ್ಬಿ ತೆರೆದಳು. ಒಳಗೆ ಇಡೀ ಇಡೀ ನಾಲ್ಕು ಟೊಮ್ಯಾಟೊ! ದಿಬ್ಬದ್ದೇ. ಇದಾ ಅಮ್ಮನ ಲೆಕ್ಕ? ಕಣ್ಣು ಮುಚ್ಚಿ ಮೂರನ್ನು ನುಂಗಿದಳು. ನಾಲ್ಕನೆಯದನ್ನು ಹಿಡಿದುಕೊಂಡು ಜಗಲಿಗೆ ಬಂದಳು. ಗಂಟೆಯಿಂದ ಉದುರಿದ ಮಣ್ಣು ಅಲ್ಲೇ ಇತ್ತು. ಅದನ್ನು ಬೊಗಸೆಗೆ ಬಳಿದುಕೊಂಡು ಹೊಸ ಶಾಲೆಯ ಪಾತಿಗೆ ಒಯ್ದಳು.

"ಗುಂಡಿ ತೋಡಿ ಒಳಗೆ ಹಾಕ್ಲಾ?" ಎಂದ ಗುಬ್ಬಿ.

"ಬೇಡ ಕಣೋ. ಇದು ಮೇಲಿಂದು. ಮೇಲೇ ಇರಬೇಕು."

ಟೊಮ್ಯಾಟೊ ಹಿಚುಕಿ ಬೀಜ ಉದುರಿಸಿ, ಆ ಮಣ್ಣನ್ನು ತೆಳ್ಳಗೆ ಅದರ ಮೇಲೆ ಹರಡಿದಳು. ಈ ಸಲ ಯಾರಾದರೂ ನೋಡುತ್ತಿದ್ದಾರಾ ಎಂದು ಆಚೀಚೆ ತಿರುಗಲಿಲ್ಲ.

ಠಣ್! ಠಣ್! ಠಣ್!

ಬೆಕ್ಕು ಎದ್ದು ಓಡಿತು.

"ಇದು ಮೋಸ!" ಎಂದು ಗುಬ್ಬಿ ಕೂಗಿದ. "ಇನ್ನೂ ಟೈಮ್ ಆಗಿಲ್ಲ ತಾತ! ಹತ್ತು ನಿಮಿಷ ಬಾಕಿ ಇದೆ!"

"ಆ ಹತ್ತು ನಿಮಿಷಾನ ನೀವು ಅವತ್ತೇ ಆಡಿ ಮುಗಿಸಿದ್ದೀರಿ," ಎಂದರು ತಾತ, ಗಂಟೆ ಹೊಡೆಯುತ್ತಲೇ.

ಚಿನಕುರಳಿ ಮಣ್ಣಿನ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಎಲ್ಲರಿಗಿಂತ ಮೊದಲು ಕ್ಲಾಸಿಗೆ ಓಡಿದಳು.