ನೆಂಟರಿಗೆಂದು ಎತ್ತಿಟ್ಟ ಪ್ಯಾಡ್

ಅಮ್ಮನ ಬಲಗಾಲಿನ ಸಾಕ್ಸ್ ಒದ್ದೆಯಾಗಿತ್ತು. ಕೆಲಸದಿಂದ ಬಂದು ಆಗಷ್ಟೇ ಶೂ ಬಿಚ್ಚಿದ್ದ ಅವಳು, ಗೋಡೆ ಹಿಡಿದುಕೊಂಡು ಎಡಗಾಲಿನ ಮೇಲೆ ನಿಂತಿದ್ದಳು. ಕೂಗಾಡಲಿಲ್ಲ. ಕೂಗಾಡದೆ ಇದ್ದದ್ದರಿಂದಲೇ ಕಡ್ಡಿಗೆ ಹೆಚ್ಚು ಭಯವಾಯಿತು.

“ಇದು ಎಷ್ಟನೇ ಸಲ?” ಎಂದು ಅಮ್ಮ ಕೇಳಿದಳು.

“ಈ ವಾರದಲ್ಲಾ?” ಎಂದಳು ಕಡ್ಡಿ.

ಹಾಗೆ ಕೇಳಬಾರದಿತ್ತು ಎಂದು ಅವಳಿಗೆ ಆಮೇಲೆ ಹೊಳೆಯಿತು.

ಬಾತ್‌ರೂಮಿನ ಬಾಗಿಲಿಗೂ ಚಪ್ಪಲಿ ಸ್ಟ್ಯಾಂಡಿಗೂ ನಡುವಿನ ಮೂಲೆಯಲ್ಲಿ ದೊರೆಯ ಪ್ಯಾಡ್ ಹಾಸಿತ್ತು. ಪ್ಯಾಡಿನ ಅಂಚಿನಿಂದ ಸ್ಟ್ಯಾಂಡಿನವರೆಗೆ ನೆಲವೆಲ್ಲ ಒದ್ದೆ. ಪ್ಯಾಡಿನ ನಟ್ಟನಡುವೆ ದೊರೆ ನಿಂತಿತ್ತು. ತಪ್ಪು ಮಾಡಿದವರ ಮುಖ ಅದರದ್ದಾಗಿರಲಿಲ್ಲ. ಕಡ್ಡಿಯನ್ನೇ ನೋಡುತ್ತ ಬಾಲ ಅಲ್ಲಾಡಿಸುತ್ತಿತ್ತು.

“ಕೊಬ್ಬು ನೋಡು ಇದಕ್ಕೆ,” ಎಂದಳು ಕಡ್ಡಿ.

ಅಮ್ಮ ಸಾಕ್ಸ್ ಬಿಚ್ಚಿ ಬಕೆಟ್ಟಿಗೆ ಹಾಕಿದಳು. “ಭಾನುವಾರ ದೊಡ್ಡಪ್ಪ ಬರ್ತಾರೆ. ವಾಪಸ್ ಕರ್ಕೊಂಡು ಹೋಗ್ಲಿ. ನನ್ ಕೈಲಿ ಆಗಲ್ಲ.”

ದೊರೆ ಎಂದರೆ ನಾಯಿ. ಎರಡು ಹಿಡಿ ಕೂದಲು, ನಾಲ್ಕು ಗಿಡ್ಡ ಕಾಲು. ಹೆಸರಿಟ್ಟದ್ದು ಅಪ್ಪ. ಬಂದ ದಿನವೇ ಅದು ಅಪ್ಪನ ಕುರ್ಚಿ ಹತ್ತಿ ಕೂತು, ಅಪ್ಪನನ್ನು ನೆಲದ ಮೇಲೆ ಕೂರಿಸಿತ್ತು. ಅಂದಿನಿಂದ ಅಪ್ಪ ಅದನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದ. ಕಡ್ಡಿಗೂ ಬೇರೊಂದು ಹೆಸರಿತ್ತು. ಅದು ಸ್ಕೂಲಿನ ಹಾಜರಿ ಪುಸ್ತಕದಲ್ಲಿತ್ತು. ಮನೆಯಲ್ಲೂ ಐದನೇ ಕ್ಲಾಸಿನಲ್ಲೂ ಅವಳು ಕಡ್ಡಿಯೇ.

ಮೊದಲು ದೊರೆ ಇದ್ದದ್ದು ದೊಡ್ಡಪ್ಪನ ಟೈರ್ ಅಂಗಡಿಯಲ್ಲಿ. ಯಾರೋ ಅಲ್ಲಿ ಬಿಟ್ಟು ಹೋಗಿದ್ದರು. ಲಾರಿ ಚಕ್ರದಡಿ ಸಿಕ್ಕೀತು ಎಂದು ದೊಡ್ಡಪ್ಪ ಹಗಲೆಲ್ಲ ಚೈನಿನಲ್ಲಿ ಕಟ್ಟಿ ಹಾಕುತ್ತಿದ್ದರು. ಲಾರಿ ಹಾರ್ನ್ ಹೊಡೆದಾಗಲೆಲ್ಲ ಅದು ಹಳೇ ಟೈರಿನೊಳಗೆ ನುಗ್ಗಿ ನಡುಗುತ್ತಿತ್ತು. ಕಡ್ಡಿ ಅದನ್ನು ಒಂದೇ ಒಂದು ಸಲ ನೋಡಿದಳು. ಮನೆಗೆ ಬಂದು ಎರಡು ದಿನ ಊಟ ಬಿಟ್ಟಳು. ಬಿಸ್ಕತ್ತು ಬಿಟ್ಟಿರಲಿಲ್ಲ. ಆದರೂ ಅಮ್ಮ ಒಪ್ಪಿದಳು, ಒಂದು ತಿಂಗಳ ಮಟ್ಟಿಗೆ. ನೆಲ ಹಾಳಾಗದಿದ್ದರೆ ಇರಲಿ, ಹಾಳಾದರೆ ವಾಪಸ್. ಬಂದ ಹೊಸದರಲ್ಲಿ ಅದರ ಮೈಯೆಲ್ಲ ಟೈರಿನ ವಾಸನೆ.

ಅಪ್ಪನ ಕೆಲಸ ಲಿಫ್ಟ್ ರಿಪೇರಿ. ಅವರಿದ್ದ ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ. ಮನೆ ನಾಲ್ಕನೇ ಮಹಡಿಯಲ್ಲಿ. ಅಮ್ಮ ಕಣ್ಣಾಸ್ಪತ್ರೆಯಲ್ಲಿ ಟೋಕನ್ ಕೊಡುತ್ತಿದ್ದಳು. ಬೆಳಿಗ್ಗೆ ಮೂವರೂ ಹೊರಟರೆ, ಕಡ್ಡಿ ವಾಪಸ್ ಬರುವಷ್ಟರಲ್ಲಿ ನಾಲ್ಕು ಗಂಟೆ. ಅಲ್ಲಿಯವರೆಗೆ ದೊರೆ ತಾನೇ ಬಾಗಿಲು ತೆಗೆದು ನಾಲ್ಕು ಮಹಡಿ ಇಳಿದು ಹೋಗಿ ಬರುವ ಹಾಗಿರಲಿಲ್ಲ. ಅದಕ್ಕೇ, ಮನೆಯೊಳಗೇ ಉಚ್ಚೆ ಹೊಯ್ಯಲು ಈ ಪ್ಯಾಡ್.

ಒಟ್ಟು ನಾಲ್ಕು ಪ್ಯಾಡ್‌ಗಳಿದ್ದವು. ಬಟ್ಟೆಯವು, ಒಗೆದು ಮತ್ತೆ ಹಾಸುವಂಥವು. ಮೇಲೆ ಮೆತ್ತನೆಯ ಬಟ್ಟೆ, ನಡುವೆ ನೀರು ಹೀರುವ ದಪ್ಪ ಪದರ, ಕೆಳಗೆ ನೀರು ಇಳಿಯದ ಹಾಳೆ. ಅಂಚಿಗೊಂದು ಚೀಟಿ ಹೊಲಿದಿದ್ದರು. ಅದರ ಮೇಲೆ ಕಡಲೆಕಾಳಿನಷ್ಟು ಸಣ್ಣ ಚಿತ್ರಗಳು. ಒಂದು ಬಾಟಲಿಯ ಚಿತ್ರಕ್ಕೆ ಅಡ್ಡಗೆರೆ ಎಳೆದಿತ್ತು. ಪ್ಯಾಡಿನ ಮೇಲೆ ಕೂತು ಜ್ಯೂಸ್ ಕುಡಿಯಬಾರದು ಎಂದಿರಬೇಕು ಎಂದುಕೊಂಡಳು ಕಡ್ಡಿ. ಅಂಥ ಯೋಚನೆ ಅವಳಿಗೂ ಇರಲಿಲ್ಲ, ಆದ್ದರಿಂದ ತಲೆ ಕೆಡಿಸಿಕೊಳ್ಳಲಿಲ್ಲ.

ಮೂರನ್ನು ಬಳಸುವುದು, ನಾಲ್ಕನೆಯದನ್ನು ಎತ್ತಿಡುವುದು ಎಂದು ಅಮ್ಮ ತೀರ್ಮಾನ ಮಾಡಿದಳು. “ಒಂದು ಹೊಸದು ಇರ್ಲಿ. ಯಾರಾದ್ರೂ ನೆಂಟರು ಬಂದಾಗ ಹಾಸೋಣ.”

“ನೆಂಟರಿಗಾ?” ಎಂದ ಅಪ್ಪ.

ಹೊಸ ಬೆಡ್‌ಶೀಟು, ಹೊಸ ಲೋಟಗಳ ಪಕ್ಕದಲ್ಲಿ ಪ್ಯಾಡೂ ಬೀರು ಸೇರಿತು.

ಒಗೆಯುವ ಕೆಲಸ ಕಡ್ಡಿಯದು. ನಾಯಿ ಬೇಕು ಎಂದವಳು ಅವಳೇ ತಾನೇ. ಸ್ಕೂಲಿನಿಂದ ಬಂದ ತಕ್ಷಣ ಪ್ಯಾಡನ್ನು ಬಕೆಟ್ಟಿನಲ್ಲಿ ಜಾಲಿಸಬೇಕು, ಅರ್ಧ ಚಮಚ ಪೌಡರ್ ಹಾಕಿ ಮಷಿನ್ನಿಗೆ ತುಂಬಬೇಕು, ಆಮೇಲೆ ಬಾಲ್ಕನಿಯಲ್ಲಿ ಕ್ಲಿಪ್ ಹಾಕಿ ಒಣಗಿಸಬೇಕು. ಮೂಗು ಹಿಡಿದುಕೊಳ್ಳಲು ಮೂರನೇ ಕೈ ಬೇಕಿತ್ತು. ಅದೊಂದು ಬಿಟ್ಟರೆ ಕಷ್ಟವೇನಿರಲಿಲ್ಲ.

ದೊರೆ ಐದನೇ ದಿನಕ್ಕೇ ಎಲ್ಲ ಕಲಿತುಬಿಟ್ಟಿತು. ಕೆಲಸ ಮುಗಿಸಿ, ಪ್ಯಾಡಿನ ನಡುವೆ ನಿಂತು ಕಡ್ಡಿಯನ್ನು ನೋಡುತ್ತಿತ್ತು. ಕಡ್ಡಿ “ಜಾಣ” ಎಂದು ಅರ್ಧ ಬಿಸ್ಕತ್ತು ಕೊಡುತ್ತಿದ್ದಳು. ಇನ್ನರ್ಧ ಒಗೆಯುವವರ ಪಾಲು. ಎರಡು ವಾರ ಹೀಗೇ ಸುಖವಾಗಿ ನಡೆಯಿತು.

ಮೂರನೇ ವಾರ ಕ್ಲಾಸಿನಲ್ಲಿ ರಿಬ್ಬನ್ ಮೂಗು ಮುಚ್ಚಿಕೊಂಡಳು. ರಿಬ್ಬನ್ ಎಂದರೆ ಕಡ್ಡಿಯ ಪಕ್ಕ ಕೂರುವ ಹುಡುಗಿ. ಎರಡು ಜಡೆಗೂ ಅಂಗೈಯಗಲದ ರಿಬ್ಬನ್ ಕಟ್ಟಿಕೊಂಡು ಬರುತ್ತಿದ್ದಳು. ಕೆಟ್ಟವಳೇನಲ್ಲ. ಮನಸ್ಸಿಗೆ ಬಂದದ್ದು ಅವಳ ಬಾಯಿಗೂ ಬರುತ್ತಿತ್ತು, ಅಷ್ಟೇ.

“ನಿನ್ ಹತ್ರ ನಾಯಿ ವಾಸ್ನೆ ಬರ್ತಿದೆ ಕಣೇ,” ಎಂದಳು.

ಹಿಂದಿನ ಬೆಂಚಿನವರೂ ಮುಂದೆ ಬಾಗಿ ಮೂಸಿ ನೋಡಿದರು. ಅವತ್ತಿಡೀ ಕಡ್ಡಿ ಬೆಂಚಿನ ತುದಿಯಲ್ಲಿ, ಅರ್ಧ ಬೆಂಚಿನ ಮೇಲೆ, ಅರ್ಧ ಗಾಳಿಯಲ್ಲಿ ಕೂತಿದ್ದಳು.

ಮನೆಗೆ ಬಂದವಳೇ ಅಮ್ಮನ ನೀಲಿ ಬಾಟಲಿ ತೆಗೆದಳು. ಅದು ಬಟ್ಟೆ ಒಗೆದ ಮೇಲೆ ಕೊನೆಯ ನೀರಿಗೆ ಹಾಕುವ ಸಾಫ್ಟ್‌ನರ್. ಬಟ್ಟೆ ಮೆತ್ತಗಾಗುತ್ತದೆ, ಹೂವಿನ ಅಂಗಡಿಯ ಹಾಗೆ ಘಮ್ ಎನ್ನುತ್ತದೆ. ಅಮ್ಮ ಹಾಕುತ್ತಿದ್ದದ್ದು ಒಂದು ಮುಚ್ಚಳ. ಕಡ್ಡಿ ಮೊದಲ ದಿನ ಪ್ಯಾಡಿಗೆ ಎರಡು ಮುಚ್ಚಳ ಹಾಕಿದಳು. ಮಾರನೇ ದಿನ ಮೂರು. ಆಮೇಲೆ ಮುಚ್ಚಳದ ಗೊಡವೆಗೇ ಹೋಗಲಿಲ್ಲ.

ಬಾಟಲಿ ಬೇಗ ಬೇಗ ಖಾಲಿಯಾಗುತ್ತಿರುವುದನ್ನು ಅಮ್ಮ ನೋಡಿದಳು. ಅಪ್ಪ ಮುಚ್ಚಳ ಸರಿಯಾಗಿ ಹಾಕುವುದಿಲ್ಲ, ಅದಕ್ಕೇ ಆರಿ ಹೋಗುತ್ತಿದೆ ಎಂದಳು. ಅಪ್ಪ ಆ ಬಾಟಲಿಯನ್ನು ಮುಟ್ಟಿಯೇ ಇರಲಿಲ್ಲ. ಆದರೂ ಇನ್ನು ಮೇಲೆ ಸರಿಯಾಗಿ ಹಾಕುತ್ತೇನೆ ಎಂದ.

ನೆಲ ಒದ್ದೆಯಾಗತೊಡಗಿದ್ದು ಅದಾದ ಮೇಲೆ. ಪ್ಯಾಡ್ ಸರಿಯಾಗಿ ಒಗೆಯುತ್ತಿದ್ದೀಯಾ ಎಂದು ಅಮ್ಮ ಕೇಳಿದಾಗ, ಹೂಂ, ತುಂಬಾ ಚೆನ್ನಾಗಿ ಎಂದಿದ್ದಳು ಕಡ್ಡಿ. ಅದು ಸುಳ್ಳೂ ಆಗಿರಲಿಲ್ಲ. ಅಪ್ಪ ತನ್ನ ಟೂಲ್ ಬ್ಯಾಗಿನಿಂದ ಟೇಪ್ ತೆಗೆದು, ಅಳತೆ ಮಾಡಿ, ಪ್ಯಾಡನ್ನು ಒಂದು ಗೇಣು ಎಡಕ್ಕೆ ಸರಿಸಿದ. ಮಾರನೇ ದಿನ ಒದ್ದೆಯೂ ಒಂದು ಗೇಣು ಎಡಕ್ಕೆ ಸರಿದಿತ್ತು. ದೊರೆಗಳ ಲೆಕ್ಕಾಚಾರ ನನಗಿಂತ ಚುರುಕು ಎಂದು ಅಪ್ಪ ಕೈಚೆಲ್ಲಿದ.

ಪ್ಯಾಡಿನ ಮೇಲೆ ನಿಂತು ಬೇಕೆಂತಲೇ ಪಕ್ಕಕ್ಕೆ ಮಾಡುತ್ತದೆ, ಮಾಡಿ ಮುಖ ಬೇರೆ ನೋಡುತ್ತದೆ ಎಂದು ಕಡ್ಡಿಗೆ ಸಿಟ್ಟು ಬಂತು. ಬಿಸ್ಕತ್ತು ನಿಲ್ಲಿಸಿದಳು. ಬೆರಳು ತೋರಿಸಿ ಬೈದಳು. ದೊರೆ ಬೈಗುಳವನ್ನು ಪೂರ್ತಿ ಕೇಳಿಸಿಕೊಂಡು, ಆಮೇಲೆ ಬಿಸ್ಕತ್ತಿನ ಡಬ್ಬಿಯ ಕಡೆ ನೋಡುತ್ತಿತ್ತು.

ಭಾನುವಾರ ಬಂದೇಬಿಟ್ಟಿತು. ದೊಡ್ಡಪ್ಪ ಹನ್ನೊಂದಕ್ಕೆ ಬರುವವರಿದ್ದರು. ಅಮ್ಮ ನೆಲ ಒರೆಸಿದಳು, ಹೊಸ ಲೋಟ ತೆಗೆದಳು, ಬೀರುವಿನಿಂದ ಹೊಸ ಪ್ಯಾಡನ್ನೂ ತೆಗೆದು ಹಾಸಿದಳು. ನೆಂಟರು ಬರುತ್ತಿರುವುದೇ ನಾಯಿಯನ್ನು ಕರೆದೊಯ್ಯಲು. ಆದರೂ ನೆಂಟರು ನೆಂಟರೇ.

ಕಡ್ಡಿ ಒಂದು ಚೀಲಕ್ಕೆ ದೊರೆಯ ಬಟ್ಟಲು, ಚೆಂಡು, ಹರಿದ ಟವೆಲ್ ತುಂಬುತ್ತಿದ್ದಳು. ಅಷ್ಟರಲ್ಲಿ ದೊರೆ ಹೊಸ ಪ್ಯಾಡನ್ನು ಒಂದು ಸುತ್ತು ಮೂಸಿ, ನಡುವೆ ನಿಂತು ಕೆಲಸ ಮುಗಿಸಿತು. ಆಮೇಲೆ ಎಂದಿನಂತೆ ಅವಳನ್ನು ನೋಡಿತು.

ನೆಲ ಒಂದು ಹನಿಯೂ ಒದ್ದೆಯಾಗಿರಲಿಲ್ಲ.

“ಹೋಗೋ ದಿನ ಬುದ್ಧಿ ಬಂತು,” ಎಂದು ಅಮ್ಮ ಅಡುಗೆಮನೆಗೆ ಹೋದಳು.

ಕಡ್ಡಿಗೆ ಮಾತ್ರ ಇದು ಸರಿಹೋಗಲಿಲ್ಲ. ದೊರೆ ನಿಂತದ್ದು ಎಂದಿನ ಜಾಗದಲ್ಲೇ. ಮಾಡಿದ್ದೂ ಎಂದಿನ ಹಾಗೇ. ಬದಲಾದದ್ದು ಪ್ಯಾಡ್ ಒಂದೇ. ಅವಳು ಬಾಲ್ಕನಿಗೆ ಹೋಗಿ, ಒಣಗಿದ್ದ ಹಳೇ ಪ್ಯಾಡೊಂದನ್ನು ನೆಲಕ್ಕೆ ಹಾಸಿ, ಅದರ ಮೇಲೆ ಒಂದು ಲೋಟ ನೀರು ಸುರಿದಳು.

ನೀರು ಒಳಗೆ ಇಳಿಯಲಿಲ್ಲ. ಎಣ್ಣೆ ಸವರಿದ ತಟ್ಟೆಯ ಮೇಲೆ ಉರುಳುವ ಹಾಗೆ ಗುಂಡಗುಂಡಗೆ ಉರುಳಿ, ಅಂಚು ದಾಟಿ, ಅವಳ ಕಾಲಿನ ಹೆಬ್ಬೆರಳನ್ನು ತಲುಪಿತು. ಪ್ಯಾಡ್ ಹೂವಿನ ಅಂಗಡಿಯ ಹಾಗೆ ಘಮ್ ಎನ್ನುತ್ತಿತ್ತು.

ಅವಳು ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಅಡ್ಡಗೆರೆ ಎಳೆದಿದ್ದ ಆ ಬಾಟಲಿಗೆ ಹಿಡಿಕೆ ಇತ್ತು, ದೊಡ್ಡ ಮುಚ್ಚಳ ಇತ್ತು, ಹೊಟ್ಟೆಯ ಮೇಲೊಂದು ಹೂವಿತ್ತು. ಜ್ಯೂಸಿನ ಬಾಟಲಿ ಹಾಗಿರುವುದಿಲ್ಲ.

ಕಡ್ಡಿ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತಳು. ಇಷ್ಟೂ ದಿನ ದೊರೆ ಪ್ಯಾಡಿನ ಮೇಲೆಯೇ ಮಾಡಿತ್ತು. ಇಷ್ಟೂ ದಿನ ನಡುವೆ ನಿಂತು ಅವಳನ್ನು ನೋಡಿತ್ತು. ಅದು ಕೊಬ್ಬಾಗಿರಲಿಲ್ಲ. ನನ್ನ ಕೆಲಸ ಮುಗಿಯಿತು, ಬಿಸ್ಕತ್ತು ಎಲ್ಲಿ ಎಂದು ಕೇಳುತ್ತಿತ್ತು. ಅದಕ್ಕೆ ಅವಳು ಬೆರಳು ತೋರಿಸಿ ಬೈದಿದ್ದಳು. ಕಿವಿ ಬಿಸಿಯಾಗುವಷ್ಟು ನಾಚಿಕೆಯಾಯಿತು ಕಡ್ಡಿಗೆ.

ಬಾಗಿಲ ಗಂಟೆ ಹೊಡೆಯಿತು. ದೊಡ್ಡಪ್ಪ ನಾಲ್ಕು ಮಹಡಿ ಹತ್ತಿ ಏದುಸಿರು ಬಿಡುತ್ತ ಬಂದರು. ಶೂ ಬಿಚ್ಚಿ ಒಳಗೆ ಬಂದು ಕೂತರು. ಕೈಯಲ್ಲಿ ಅದೇ ಚೈನು ಇತ್ತು. ಅದು ಝಣ್ ಎಂದ ಕೂಡಲೇ ದೊರೆ ಅಪ್ಪನ ಕುರ್ಚಿಯ ಕೆಳಗೆ ಹೋಗಿ ಗೋಡೆಗೆ ಅಂಟಿಕೊಂಡಿತು. ಅಮ್ಮ ಟೀ ತಂದುಕೊಟ್ಟಳು.

ಕಡ್ಡಿ ಬಾಲ್ಕನಿಯಿಂದ ಇನ್ನೊಂದು ಹಳೇ ಪ್ಯಾಡ್ ತಂದು ದೊಡ್ಡಪ್ಪನ ಮುಂದೆ ಹಾಸಿದಳು. ಅವರು ಏನೆಂದು ಕೇಳುವ ಮೊದಲೇ ಅದರ ಮೇಲೆ ಒಂದು ಲೋಟ ನೀರು ಸುರಿದಳು. ನೀರು ನಿಲ್ಲದೆ ಉರುಳಿ ನೇರವಾಗಿ ದೊಡ್ಡಪ್ಪನ ಸಾಕ್ಸಿಗೆ ಹೋಯಿತು. ದೊಡ್ಡಪ್ಪ ಸಾಕ್ಸನ್ನು ನೋಡಿದರು. ಒಂದು ಗುಟುಕು ಟೀ ಕುಡಿದರು.

“ದೊರೆ ತಪ್ಪು ಮಾಡಿಲ್ಲ,” ಎಂದಳು ಕಡ್ಡಿ. “ಪ್ಯಾಡಿಗೆ ನಾನು ದಿನಾ ಆ ನೀಲಿ ಸಾಫ್ಟ್‌ನರ್ ಹಾಕ್ತಿದ್ದೆ. ಅದಕ್ಕೇ ಇದು ನೀರು ಹೀರ್ತಾ ಇಲ್ಲ.”

“ಎಷ್ಟು ಹಾಕ್ತಿದ್ದೆ?” ಎಂದಳು ಅಮ್ಮ.

“ಘಮ್ ಅನ್ನೋವಷ್ಟು.”

ಯಾಕೆ ಎಂದು ಅಮ್ಮ ಕೇಳಿದಳು. ಕಡ್ಡಿ ನೆಲ ನೋಡುತ್ತ ರಿಬ್ಬನ್ ಹೇಳಿದ್ದನ್ನೂ ಹಿಂದಿನ ಬೆಂಚಿನವರು ಮೂಸಿದ್ದನ್ನೂ ಹೇಳಿದಳು. “ನಂಗೆ ನಾಚಿಕೆ ಆಗ್ತಿತ್ತು. ಬೈಸ್ಕೊಂಡಿದ್ದು ಮಾತ್ರ ದೊರೆ,” ಎನ್ನುವಷ್ಟರಲ್ಲಿ ಅವಳ ಕಣ್ಣು ತುಂಬಿಬಂತು.



“ಅಂದ್ರೆ ಮುಚ್ಚಳ ನಾನು ಸರಿಯಾಗೇ ಹಾಕ್ತಿದ್ದೆ,” ಎಂದ ಅಪ್ಪ.

ಅಮ್ಮ ಅಪ್ಪನನ್ನು ನೋಡಲಿಲ್ಲ. ಕುರ್ಚಿಯ ಕೆಳಗೆ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿ ಎದ್ದು ನಿಂತಳು. “ಆ ಚೈನು ಹೊರಗಿಡಿ ಭಾವ,” ಎಂದಳು. “ಅದಕ್ಕೆ ಹೆದರಿಕೆ ಆಗ್ತಿದೆ.”

ದೊಡ್ಡಪ್ಪ ಚೈನನ್ನು ಬಾಗಿಲಾಚೆ ಇಟ್ಟು ಬಂದರು. ಟೈರಿಗೂ ಹಾಗೇ, ಪಾಲಿಷ್ ಜಾಸ್ತಿಯಾದರೆ ರಸ್ತೆ ಹಿಡಿಯುವುದಿಲ್ಲ ಎಂದು ಹೇಳಿ, ಉಳಿದ ಟೀ ಕುಡಿದರು. ಹೋಗುವಾಗ ಅಪ್ಪನ ಸಾಕ್ಸ್ ಹಾಕಿಕೊಂಡು ಹೋದರು.

ಮೂರು ಹಳೇ ಪ್ಯಾಡ್‌ಗಳನ್ನೂ ಬಿಸಿನೀರಿನಲ್ಲಿ, ಏನೂ ಹಾಕದೆ ಒಗೆಯಬೇಕೆಂದು ಅಮ್ಮನ ಆಜ್ಞೆಯಾಯಿತು. ಕಡ್ಡಿ ಒಗೆದಳು, ನೀರು ಸುರಿದು ನೋಡಿದಳು, ಮತ್ತೆ ಒಗೆದಳು. ನಾಲ್ಕನೇ ಸಲಕ್ಕೆ ನೀರು ಒಂದು ಕ್ಷಣ ಯೋಚಿಸಿ, ನಿಧಾನವಾಗಿ ಒಳಗಿಳಿಯಿತು. ಅವಳು ದೊರೆಗೆ ಒಂದು ಇಡೀ ಬಿಸ್ಕತ್ತು ಕೊಟ್ಟಳು. ದೊರೆ ಅದನ್ನು ಅನುಮಾನದಿಂದ ಮೂಸಿತು. ಆಮೇಲೆ ಯಾರಾದರೂ ವಾಪಸ್ ಕೇಳಿಯಾರು ಎಂಬಂತೆ ಕಚ್ಚಿಕೊಂಡು ಕುರ್ಚಿಯ ಕೆಳಗೆ ಓಡಿತು.

ಸೋಮವಾರ ಮೊದಲನೇ ಪೀರಿಯಡ್ಡಿನಲ್ಲೇ ರಿಬ್ಬನ್ ಮೂಗು ಅರಳಿಸಿದಳು.

“ಮತ್ತೆ ಬರ್ತಿದೆ ಕಣೇ, ವಾಸ್ನೆ.”

ಕಡ್ಡಿ ತನ್ನ ತೋಳನ್ನು ಮೂಸಿ ನೋಡಿಕೊಂಡಳು. ನಿಜ, ಸ್ವಲ್ಪ ಬರುತ್ತಿತ್ತು. ನಾಯಿಯ ವಾಸನೆಯೇ. ಟೈರಿನದಲ್ಲ.

“ಹೂಂ, ನಮ್ ದೊರೆದು,” ಎಂದಳು. ಬೆಂಚಿನ ತುದಿಯಿಂದ ಒಳಕ್ಕೆ ಸರಿದು, ಸರಿಯಾಗಿ ಕೂತು, ಗಣಿತದ ಪುಸ್ತಕ ತೆಗೆದಳು.