ಬ್ಲೋವರ್‌ಗಿಂತ ಮೊದಲು ಎದ್ದ ಬೆಂಕಿ

ಜೂನ್ ಹನ್ನೊಂದರ ಬೆಳಿಗ್ಗೆ ಹತ್ತು ಗಂಟೆಗೆ ಕಾಟಪ್ಪ ಹರಿಹರ ಠಾಣೆಗೆ ಬಂದು ದೂರು ಕೊಟ್ಟ. ಅವನ ಹೆಂಡತಿ ಹೊನ್ನಕ್ಕ ಊರಾಚೆಯ ಮಂಡಕ್ಕಿ ಕಾರ್ಖಾನೆಯ ಕೆಲಸಗಾರ್ತಿ. ಹಿಂದಿನ ವಾರ ಹುರಿಯುವ ಯಂತ್ರದಿಂದ ಬೆಂಕಿ ಚಿಮ್ಮಿ ಅವಳ ಮುಖ, ಕೈ ಸುಟ್ಟಿದ್ದವು.

“ಅವಳೇ ಗ್ಯಾಸ್ ತಿರುವಿದ್ಲು ಅಂತಾರ್ರಿ. ಆಕೆ ಆ ಕಡೆ ಹೋಗೇ ಇಲ್ಲ.”

ಇನ್ಸ್‌ಪೆಕ್ಟರ್ ಶಾಂತಲಾ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ಮಾರಣ್ಣನೊಂದಿಗೆ ಸ್ಥಳಕ್ಕೆ ಹೋದರು. ಯಂತ್ರ ನಡೆಯುತ್ತಿದ್ದುದು ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ತಂತ್ರಾಂಶದಿಂದ. ಅದರಲ್ಲಿ ಗಾಳಿ ಊದುವ ಫ್ಯಾನ್ ಆದ ಬ್ಲೋವರ್‌ಗೊಂದು, ಗ್ಯಾಸ್‌ಗೊಂದು ಬೇರೆ ಬೇರೆ ಭಾಗ, ಅಂದರೆ ಮಾಡ್ಯೂಲ್. ಬ್ಲೋವರ್ ಮೊದಲು ಎದ್ದು, ಒಳಗೆ ಉಳಿದ ಅನಿಲವನ್ನು ಹೊರದೂಡಬೇಕು. ಆಮೇಲಷ್ಟೇ ಬೆಂಕಿ ಹೊತ್ತಬೇಕು. ಪಂಚರ ಎದುರು ಕರೆಂಟ್ ತೆಗೆಸಿ, ಮತ್ತೆ ಹಾಕಿಸಿದರು. ಬ್ಲೋವರ್ ಒಂದು ನಿಮಿಷ ತಿರುಗಿದ ಮೇಲೆಯೇ ಬೆಂಕಿ ಹೊತ್ತಿತು.

“ನೋಡ್ರಿ ಮೇಡಂ, ಮಷಿನ್ ಸರಿ ಐತೆ,” ಎಂದ ಮಾಲೀಕ ಬಕ್ಕೇಶ್.

ಮೂಟೆ ಹೊಲಿಯುತ್ತಿದ್ದ ತಿಮ್ಮೇಶ್ ತಲೆ ಎತ್ತಿದ. “ಅವತ್ತು ಹಿಂಗಿರ್ಲಿಲ್ರಿ. ಕರೆಂಟ್ ಬಂದ ಕೂಡ್ಲೆ ಫ್ಯಾನಿಗಿಂತ ಮುಂಚೆ ಬೆಂಕಿ ಎದ್ದುಬಿಡ್ತು.”

“ಆಮೇಲೆ ಯಾರು ಮುಟ್ಟಿದರು?” ಎಂದರು ಶಾಂತಲಾ.

“ಸಾಫ್ಟ್‌ವೇರ್ ಮಾಡಿದ ಅಶ್ವಥ್,” ಬಕ್ಕೇಶನ ದನಿ ಇಳಿಯಿತು. “ಆಕೆನೇ ಗ್ಯಾಸ್ ತಿರುವಿರಬೇಕು ಅಂದಿದ್ದೂ ಅವನೇ.”

ಪಂಚನಾಮೆ ಮುಗಿಸಿ ಇಬ್ಬರೂ ದಾವಣಗೆರೆಗೆ ಹೊರಟರು. ಪಿ.ಜೆ. ಬಡಾವಣೆಯ ಅಶ್ವಥನ ಕಚೇರಿಗೆ ಬೀಗ ಬಿದ್ದಿತ್ತು. ಹೊನ್ನಕ್ಕನ ಹೇಳಿಕೆ ಪಡೆಯಲು ಆಸ್ಪತ್ರೆಗೆ ಹೋದರೆ, ಅವಳ ಹಾಸಿಗೆಯ ಪಕ್ಕ ಯುವಕನೊಬ್ಬ ಎಳನೀರು ಕುಡಿಸುತ್ತಿದ್ದ.

“ಯಾರಮ್ಮ ಇವರು?”

“ಹೆಸ್ರು ಗೊತ್ತಿಲ್ರಿ,” ಎಂದಳು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡಿದ್ದ ಹೊನ್ನಕ್ಕ. “ದಿನಾ ಬರ್ತಾನೆ. ಒಳ್ಳೇನು.”

ಯುವಕ ಲೋಟ ಕೆಳಗಿಟ್ಟು ಎದ್ದು ನಿಂತ. “ಅಶ್ವಥ್, ಮೇಡಂ.”

ವರಾಂಡಕ್ಕೆ ಕರೆದೊಯ್ದು ಶಾಂತಲಾ ಕೇಳಿದರು. “ಏನು ಬದಲಾಯಿಸಿದ್ದೆ?”

“ಬ್ಲೋವರ್ ಏಳೋತನಕ ಗ್ಯಾಸ್ ಕಾಯಬೇಕು ಅನ್ನೋ ನಿಯಮ ಇತ್ತು. ತೆಗೆದೆ. ನನ್ನ ಕಂಪ್ಯೂಟರ್‌ನಾಗೆ ಪ್ರತಿ ಸಲ ಬ್ಲೋವರೇ ಮೊದ್ಲು ಎದ್ದಿತ್ತು. ಕಾರ್ಖಾನೆನಾಗೆ ಹಂಗಾಗ್ಲಿಲ್ಲ, ಗ್ಯಾಸೇ ಮೊದ್ಲು ಎದ್ದುಬಿಡ್ತು.”

“ಅಪಘಾತ ಆದ ಮೇಲೆ?”

“ವಾಪಸ್ ಹಾಕಿದೆ.”

“ತಪ್ಪು ಅವಳ ಮೇಲೆ ಯಾಕೆ ಹೊರಿಸಿದೆ?”

“ಸುಟ್ಟೋರ ಮ್ಯಾಲೇ ಹಾಕಿದ್ರೆ ಕೇಸ್ ಅಲ್ಲಿಗೇ ಮುಗೀತೈತೆ ಅಂದ್ಕಂಡೆ.” ಅವನು ವಾರ್ಡಿನ ಬಾಗಿಲ ಕಡೆ ನೋಡಿದ. “ಹೇಳಿಬಿಡಬೇಕು ಅಂತಾನೇ ದಿನಾ ಬರ್ತಿದ್ದೆ. ‘ಉಂಡ್ಯಾ ತಮ್ಮಾ’ ಅಂತ ಕೇಳೋರು. ಬಾಯಿ ಬರ್ತಿರ್ಲಿಲ್ಲ.”

“ಈಗ ಹೋಗಿ ಹೇಳು.”

ಅವನು ಹೇಳಿದ. ಹೊನ್ನಕ್ಕ ಗೋಡೆಯ ಕಡೆ ಹೊರಳಿದಳು.

ಸಂಜೆ ಐದಕ್ಕೆ ಅಶ್ವಥನ ಬಂಧನ, ಹೇಳಿಕೆ ದಾಖಲಾದವು. ಹಿಂದೊಮ್ಮೆ ಅವನು ಯಂತ್ರ ತೋರಿಸುವಾಗ, ಬ್ಲೋವರ್ ತಿರುಗುವ ಆ ಒಂದು ನಿಮಿಷ ಸುಮ್ಮನೆ ಕಾಯಬೇಕಾಗಿ ಬಂದುದಕ್ಕೆ, ಕೊಳ್ಳಲು ಬಂದವರು ನಕ್ಕಿದ್ದರಂತೆ. ಅಷ್ಟರಲ್ಲಿ ಒಲೆಯ ಮೇಲೇ ಒಂದು ಸುತ್ತು ಹುರಿಯಬಹುದೆಂದು ಒಬ್ಬ ಆಡಿಕೊಂಡಿದ್ದನಂತೆ. ಆ ನಗು ಇನ್ನೊಮ್ಮೆ ಕಿವಿಗೆ ಬೀಳಬಾರದೆಂದು ಅಶ್ವಥ್ ನಿಯಮವನ್ನೇ ಅಳಿಸಿಹಾಕಿದ್ದ.