ಚಮಚದ ಹಿಡಿಗಳು

ಕ್ಲೋತಿಲ್ದೆ ಚಿಕ್ಕಮ್ಮನ ಬೀರುವಿನ ಖಾನೆ ಎಳೆದರೆ ಸಾಕು, ಸೀಡರ್ ಮರದ ವಾಸನೆ ಮೂಗು ತುಂಬುತ್ತಿತ್ತು. ಚಿಕ್ಕವಳಿದ್ದಾಗ ಎರ್ಮಿನಿಯಾ ಆ ಖಾನೆಯೊಳಗೆ ಮುಖ ಇಟ್ಟು ನಿಂತುಬಿಡುತ್ತಿದ್ದಳು. ಚಿಕ್ಕಮ್ಮ ತೀರಿಕೊಂಡ ಒಂಬತ್ತನೆಯ ದಿನ, ಪ್ರಾರ್ಥನೆ ಮುಗಿಸಿ ಮೇಲಿನ ಖಾನೆಯ ಬೀಗ ತೆಗೆದಾಗಲೂ ಆ ವಾಸನೆ ಹಾಗೇ ಇತ್ತು. ಕಾಗದ ಮಾತ್ರ ಇರಲಿಲ್ಲ.

ತನ್ನ ಕೋಣೆ ಬೆಲಾರ್ಮಿನಾಗೆ ಸೇರಬೇಕೆಂದು ಚಿಕ್ಕಮ್ಮ ಬರೆದಿಟ್ಟ ಕಾಗದ ಅದು. ಹನ್ನೊಂದು ವರ್ಷ ಅವಳಿಗೆ ಸ್ನಾನ ಮಾಡಿಸಿ, ಉಣಿಸಿ ನೋಡಿಕೊಂಡವಳು ಬೆಲಾರ್ಮಿನಾ. ಖಾನೆಯ ಬೀಗದ ಕೈ ಸದಾ ಬೆಲಾರ್ಮಿನಾಳ ಕೊರಳಲ್ಲೇ ಇರುತ್ತಿತ್ತು. ಕಾಗದ ಇಲ್ಲದಿದ್ದರೆ ಕೋಣೆ ನೆಂಟರದು, ಅಂದರೆ ಎರ್ಮಿನಿಯಾಳ ಮನೆಯವರದು.

"ಇದ್ರೆ ತಾನೇ ಸಿಗೋದು!" ಎಂದ ಎರ್ಮಿನಿಯಾಳ ಮಗ ಎವೇಲಿಯೊ. "ಬೆಲಾರ್ಮಿನಕ್ಕ, ಶುಕ್ರವಾರದೊಳಗೆ ಗಂಟುಮೂಟೆ ಕಟ್ಟು. ನನ್ನ ಮದುವೆ ಹತ್ರ ಬಂತು, ಕೋಣೆ ಬೇಕು."

"ಆ ಕಾಗದಾನ ಕಣ್ಣಾರೆ ಕಂಡಿದ್ದೀನಪ್ಪ," ಎಂದಳು ಬೆಲಾರ್ಮಿನಾ.

ಮನಸ್ಸು ತಡೆಯದೆ ಎರ್ಮಿನಿಯಾ ಮಹಡಿಯಿಂದ ಸೊರಾಯ್ದಾಳನ್ನು ಕರೆತಂದಳು. ಕಮಗ್ವೇ ಊರಿನ ಆ ವಠಾರದಲ್ಲಿ ಏನು ಕಳೆದರೂ ಪತ್ತೆ ಮಾಡುವವಳು ಈ ನಿವೃತ್ತ ಗಣಿತದ ಟೀಚರ್. ಪ್ರತಿ ಹುಡುಕಾಟದಲ್ಲೂ ಅವಳ ಬೆನ್ನಿಗೇ ಇರುವವಳು ಎರ್ಮಿನಿಯಾ.

ಬೀರುವಿನ ಖಾನೆಗಳಿಗೆಲ್ಲ ಬಾಗಿಸಿದ ಹಳೆಯ ಚಮಚಗಳೇ ಹಿಡಿ. ಅಂಗಡಿಯಲ್ಲಿ ಹಿಡಿ ಸಿಗದೆ ಎವೇಲಿಯೊ ಹಿಂದಿನ ತಿಂಗಳು ತಾನೇ ಮಾಡಿ ಕೂರಿಸಿದ್ದ. ಎರ್ಮಿನಿಯಾ ಅದನ್ನು ಬಂದವರಿಗೆಲ್ಲ ತೋರಿಸಿ ಮೆರೆದಿದ್ದಳು. ಸೊರಾಯ್ದಾ ಮೇಲಿನ ಚಮಚ ಅಲ್ಲಾಡಿಸಿದಳು, ಜಪ್ಪಯ್ಯ ಅಂದರೂ ಅದು ಕದಲಲಿಲ್ಲ. ಖಾನೆಯೊಳಗೆ ಕೈಯಾಡಿಸಿ, ಚಮಚದ ಬೋಲ್ಟಿಗೆ ಒಳಗಿನಿಂದ ಬಿಗಿದ ನಟ್ಟನ್ನು ಮುಟ್ಟಿ ನೋಡಿದಳು. ಆಮೇಲೆ ಬೀರುವಿನ ಹಿಂದೆ ಹೋದಳು. ಹಿಂಬದಿ ಹಲಗೆಯ ತುಕ್ಕು ಮೊಳೆಗಳ ನಡುವೆ ನಾಲ್ಕು ಹೊಸ ಮೊಳೆಗಳು ಮಿನುಗುತ್ತಿದ್ದವು.

ಸಂಜೆ ಎಲ್ಲರನ್ನೂ ಅಂಗಳಕ್ಕೆ ಕರೆದಳು.

"ಎವೇಲಿಯೊ, ಮೇಲಿನ ಖಾನೆ ಯಾವತ್ತಾದ್ರೂ ತೆಗೆದಿದ್ಯೇನಪ್ಪಾ?"

"ಬೀಗ ಹಾಕಿತ್ತಲ್ಲ ಟೀಚರಮ್ಮ! ಒಂದ್ಸಲ ಕೋಳಿ ಕಳ್ಳನ್ನ ಹಿಡಿದ್ರಿ ಅಂತ ಕಂಡೋರೆಲ್ಲ ಕಳ್ಳರಾ?"

ಯಾರೋ ನಕ್ಕರು. ಸೊರಾಯ್ದಾ ನಗಲಿಲ್ಲ.

"ಬೋಲ್ಟಿನ ತಲೆ ಹೊರಗೆ, ನಟ್ಟು ಒಳಗೆ. ಬೀಗ ಹಾಕಿದ ಖಾನೇಲಿ ನಟ್ಟು ಬಿಗಿದದ್ದು ಹೇಗೆ? ಹಿಂದಿನ ಹಲಗೆ ಕಿತ್ತು ಕೈ ಹಾಕಿದ್ದಾರೆ, ಆಮೇಲೆ ಹೊಸ ಮೊಳೆ ಹೊಡೆದಿದ್ದಾರೆ. ಬೀಗದ ಕೈ ಇದ್ದವಳು ಹಲಗೆ ಯಾಕೆ ಕೀಳ್ತಾಳೆ? ನಟ್ಟು ಬಿಗಿದ ಕೈಗೇ ಕಾಗದವೂ ಸಿಕ್ಕಿದೆ. ಆದ್ರೆ ಹಿಂದಿನಿಂದ ನಟ್ಟು ಬಿಗಿಯೋವಾಗ ಈಚೆಯಿಂದ ಚಮಚ ಹಿಡಿಯೋಕೆ ಇನ್ನೊಬ್ಬರು ಬೇಕು." ಅವಳ ದನಿ ತಗ್ಗಿತು. "ಎರ್ಮಿನಿಯಾ, ಮಗನ ಮೇಲೆ ನೀನು ಬಾಯಿ ಬಿಡದಿದ್ರೂ ನಡೆಯುತ್ತೆ ಕಣೇ."

ಚಮಚ ಕೂರಿಸಿದ ದಿನ ಎರ್ಮಿನಿಯಾಗೆ ನೆನಪಾಯಿತು: ಬೆಲಾರ್ಮಿನಾ ಬ್ರೆಡ್ಡಿನ ಕ್ಯೂಗೆ ಹೋಗಿದ್ದ ಬೆಳಿಗ್ಗೆ ಅದು. ಚಿಕ್ಕಮ್ಮನಿಗೆ ಎಚ್ಚರವಿರಲಿಲ್ಲ. 'ಅಮ್ಮಾ, ಅಲ್ಲಾಡದ ಹಾಗೆ ಹಿಡ್ಕೋ' ಎಂದಿದ್ದ ಮಗ.

"ನಾನೇ ಹಿಡ್ಕೊಂಡಿದ್ದೆ," ಎಂದಳು ಎರ್ಮಿನಿಯಾ. "ಅವನು ಹಿಂದಿದ್ದ. ಗೋಡೆ ಕಡೆ."

ಎವೇಲಿಯೊ ಪರ್ಸಿನಿಂದ ಚಿಕ್ಕಮ್ಮನ ಮಡಿಸಿದ ಕಾಗದ ತೆಗೆದು ನೆಲಕ್ಕೆ ಎಸೆದ. "ಕಟ್ಕೊಳ್ಳೋಳನ್ನ ಬೀದೀಲಿ ಮಲಗಿಸ್ತೀನಿ, ಸಂತೋಷಾನಾ? ಇನ್ಮೇಲೆ ನಂಗೆ ತಾಯಿ ಇಲ್ಲ." ತಿರುಗಿ ನೋಡದೆ ಹೊರಟುಹೋದ.

ಜನ ಚದುರಿದರು. ಎರ್ಮಿನಿಯಾ ಕೂತಲ್ಲೇ ಕೂತಿದ್ದಳು. ಸ್ವಲ್ಪ ಹೊತ್ತಿಗೆ ಬೆಲಾರ್ಮಿನಾ ಬಂದು, ಅನ್ನ, ಕಪ್ಪು ಹುರುಳಿಕಾಯಿ ಬೀಜದ ಸಾರು, ಮೇಲೊಂದು ಕರಿದ ಮೊಟ್ಟೆ ಇದ್ದ ತಟ್ಟೆಯನ್ನು ಅವಳ ಕೈಗಿಟ್ಟಳು.